ಬೀಜ ಇಮ್ಮಡಿಸಿದರೆ ರಾಗಿ ಹೊಲದ ಕಳೆ ತಗ್ಗುವುದೇ?

ಪ್ರಶ್ನೆ: ಅರಸೀಕೆರೆ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನಿದೆ. ಪ್ರತಿ ವರ್ಷ ರಾಗಿ ಬಿತ್ತಿ, ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತೇವೆ. ಕಳೆ ಕೀಳಲು ಆಳುಗಳು ಸಿಗುತ್ತಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುತ್ತಿಲ್ಲ. ಆಸ್ಟ್ರೇಲಿಯಾದ ರೈತರು ಬೀಜದ ಪ್ರಮಾಣ ಹೆಚ್ಚಿಸಿ, ಸಾಲುಗಳನ್ನು ಹತ್ತಿರ ಮಾಡಿ, ಪೂರ್ವ-ಪಶ್ಚಿಮವಾಗಿ ಬಿತ್ತಿ ಬೆಳೆಯಿಂದಲೇ ಕಳೆಯನ್ನು ಅದುಮುತ್ತಾರೆಂದು ಒಂದು ವಿಡಿಯೊದಲ್ಲಿ ನೋಡಿದೆ. ಈಗ ಎಕರೆಗೆ ನಾಲ್ಕು ಕೆಜಿ ಬೀಜ ಹಾಕುತ್ತಿದ್ದೇವೆ. ಅದನ್ನು ಎಂಟು ಕೆಜಿ ಮಾಡಿ, ಸಾಲಿನ ಅಂತರವನ್ನು ಅರ್ಧಕ್ಕಿಳಿಸಿದರೆ ಕಳೆ ಕೀಳುವುದನ್ನು ಬಿಡಬಹುದೇ?

ಉತ್ತರ: ಮಾನ್ಯರೇ, ನೀವು ಕೇಳಿದ ಮೂರು ವಿಷಯಗಳಿಗೆ ಮೊದಲು ನೇರವಾಗಿ ಉತ್ತರಿಸಿ, ಕಾರಣಗಳನ್ನು ಆಮೇಲೆ ಹೇಳುತ್ತೇನೆ. ಬೀಜವನ್ನು ಇಮ್ಮಡಿಸಬೇಡಿ. ಸಾಲನ್ನು ನಿಮ್ಮ ಎಡೆಕುಂಟೆ (ಸಾಲುಗಳ ನಡುವೆ ಎಳೆದು ಕಳೆ ತೆಗೆಯುವ ಸಲಕರಣೆ) ಹಾಯುವಷ್ಟಕ್ಕೆ ಮಾತ್ರ ಕಿರಿದು ಮಾಡಿ, ಅದಕ್ಕಿಂತ ಕಡಿಮೆ ಬೇಡ. ಪೂರ್ವ-ಪಶ್ಚಿಮದ ವಿಚಾರ ನಿಮ್ಮ ಹೊಲಕ್ಕೆ ಸಂಬಂಧಪಡುವುದಿಲ್ಲ. ಆದರೂ ವಿಡಿಯೊದಲ್ಲಿ ಕಂಡ ಮೂಲ ವಿಚಾರ ಸುಳ್ಳಲ್ಲ. ಬೆಳೆಯಿಂದ ಕಳೆಯನ್ನು ಹತ್ತಿಕ್ಕಲು ಸಾಧ್ಯವಿದೆ, ರಾಗಿಯಲ್ಲೂ ಸಾಧ್ಯವಿದೆ. ಅದಕ್ಕೆ ನಮ್ಮಲ್ಲಿ ಹಿಡಿಯಬೇಕಾದ ದಾರಿ ಬೇರೆ.

ಬೆಳೆಗೂ ಕಳೆಗೂ ನಡುವಿನ ಪೈಪೋಟಿ ನೀರಿಗೆ, ಗೊಬ್ಬರಕ್ಕೆ ಮತ್ತು ಬೆಳಕಿಗೆ ನಡೆಯುತ್ತದೆ. ನೆಲದೊಳಗಿನ ನೀರು ಮತ್ತು ಸಾರವನ್ನು ಎರಡೂ ಗಿಡಗಳು ಹೆಚ್ಚುಕಡಿಮೆ ತಮ್ಮ ಬೇರಿನ ಅಳತೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಬೆಳಕಿನ ವಿಷಯ ಹಾಗಲ್ಲ. ಎರಡು ಬೆರಳು ಎತ್ತರಕ್ಕಿರುವ ಎಲೆ ತನ್ನ ಕೆಳಗಿನ ಎಲೆಗೆ ನೆರಳು ಕೊಡುತ್ತದೆ, ಕೆಳಗಿನದು ಮೇಲಿನದಕ್ಕೆ ಏನನ್ನೂ ಮಾಡಲಾರದು. ಆದ್ದರಿಂದ ಮೊದಲ ಮೂರು ವಾರದಲ್ಲಿ ಯಾವುದು ಸ್ವಲ್ಪ ಮುಂದಿರುತ್ತದೆಯೋ ಅದು ದಿನದಿಂದ ದಿನಕ್ಕೆ ಇನ್ನೂ ಮುಂದಾಗುತ್ತ ಹೋಗುತ್ತದೆ. ಡೆನ್ಮಾರ್ಕಿನಲ್ಲಿ ಜೇಕಬ್ ವೀನರ್ ಮತ್ತು ಸಂಗಡಿಗರು ಗೋಧಿಯಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ಅದರಲ್ಲಿ ಬೀಜದ ಪ್ರಮಾಣ ಹೆಚ್ಚಾದಷ್ಟೂ ಕಳೆ ಕುಗ್ಗಿದ್ದು ನಿಜ. ಆದರೆ ಅಷ್ಟೇ ಬೀಜವನ್ನು ಸಾಲಿನಲ್ಲಿ ಒತ್ತೊತ್ತಾಗಿ ಸುರಿಯದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದಾಗ ಕಳೆ ಮತ್ತಷ್ಟು ಕುಗ್ಗಿತು. ಎಣಿಕೆಯಷ್ಟೇ ಹಂಚಿಕೆಯೂ ಮುಖ್ಯವೆಂಬ ಈ ಎರಡನೆಯ ಮಾತನ್ನು ವಿಡಿಯೊಗಳು ಸಾಮಾನ್ಯವಾಗಿ ಹೇಳುವುದಿಲ್ಲ, ನಿಮ್ಮ ಹೊಲಕ್ಕೆ ಬೇಕಾಗಿರುವುದು ಅದೇ.

ಆಸ್ಟ್ರೇಲಿಯಾದವರು ಈ ದಾರಿ ಹಿಡಿದದ್ದು ಇಷ್ಟಪಟ್ಟು ಅಲ್ಲ. ಅಲ್ಲಿನ ಗೋಧಿ ಹೊಲಗಳ ದೊಡ್ಡ ಶತ್ರುವಾದ ರೈಗ್ರಾಸ್ ಎಂಬ ಹುಲ್ಲು ಕಳೆನಾಶಕಕ್ಕೆ ಬಗ್ಗದ ಗುಣ ಪಡೆದಿದೆ ಎಂಬ ವರದಿ 1982ರಲ್ಲಿಯೇ ಬಂತು, ಆಮೇಲೆ ಒಂದೊಂದಾಗಿ ಬೇರೆ ಔಷಧಗಳೂ ಕೆಲಸ ನಿಲ್ಲಿಸಿದವು. ನಮ್ಮ ಪಂಜಾಬ್, ಹರಿಯಾಣಗಳ ಗೋಧಿಯಲ್ಲೂ ‘ಗುಲ್ಲಿ ಡಂಡಾ’ ಎಂಬ ಹುಲ್ಲು 1990ರ ದಶಕದ ಆರಂಭದಲ್ಲಿ ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಹೀಗೆಯೇ ತಿರುಗಿಬಿತ್ತು. ಔಷಧ ಸೋತ ಮೇಲೆ ಬೆಳೆಯ ಬಲವನ್ನು ನೆನೆಸಿಕೊಳ್ಳುವುದು ಎಲ್ಲ ಕಡೆಯ ಕಥೆ. ದಕ್ಷಿಣ ಆಸ್ಟ್ರೇಲಿಯಾ ಭಾಗದ, ಮಳೆ ಕಡಿಮೆ ಇರುವ ಪ್ರದೇಶಗಳ ಗೋಧಿ ಪ್ರಯೋಗಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು: ಚದರ ಮೀಟರಿಗೆ 100 ಗಿಡಗಳ ಬದಲು 200 ಗಿಡ ನಿಲ್ಲಿಸಿದಾಗ ರೈಗ್ರಾಸಿನ ಒಣತೂಕ ಚದರ ಮೀಟರಿಗೆ ಸರಾಸರಿ 100 ಗ್ರಾಮಿನಿಂದ ಸುಮಾರು 50 ಗ್ರಾಮಿಗೆ ಇಳಿಯಿತು. ಇದು ಸಣ್ಣ ಲಾಭವಲ್ಲ. ಆದರೆ ಉಳಿದ 50 ಗ್ರಾಮನ್ನು ಗಮನಿಸಿ. ಅಲ್ಲಿಯ ರೈತರು ಅದಕ್ಕಾಗಿ ಇಂದಿಗೂ ಔಷಧ ಸಿಂಪಡಿಸುತ್ತಾರೆ, ಕೊಯ್ಲು ಯಂತ್ರದ ಹಿಂದೆ ಬೀಳುವ ಹೊಟ್ಟಿನಲ್ಲಿರುವ ಕಳೆಬೀಜವನ್ನು ಪುಡಿ ಮಾಡುವ ಯಂತ್ರಗಳನ್ನೂ ಬಳಸುತ್ತಾರೆ. ಬೆಳೆಯೊಂದರಿಂದಲೇ ಕಳೆ ಮುಗಿಯಿತೆಂದು ಅವರು ಹೇಳುವುದಿಲ್ಲ.

ಇನ್ನು ಗೋಧಿಗೂ ರಾಗಿಗೂ ಇರುವ ವ್ಯತ್ಯಾಸ. ಸಾವಿರ ಗೋಧಿ ಕಾಳು 40 ಗ್ರಾಮಿನ ಆಸುಪಾಸು ತೂಗಿದರೆ ಸಾವಿರ ರಾಗಿ ಕಾಳು ಎರಡೂವರೆಯಿಂದ ಮೂರು ಗ್ರಾಂ ಮಾತ್ರ. ಗೋಧಿಯ ಮೊಳಕೆ ಬುತ್ತಿ ಕಟ್ಟಿಕೊಂಡು ಹೊರಟಂತೆ ಮೇಲೆ ಬರುತ್ತದೆ. ರಾಗಿಯ ಮೊಳಕೆಗೆ ಆ ಬುತ್ತಿ ಇಲ್ಲ, ಆದ್ದರಿಂದ ಮೊದಲ ಇಪ್ಪತ್ತು ದಿನ ಅದು ಎದ್ದೇ ಇಲ್ಲವೇನೋ ಎನ್ನುವಷ್ಟು ನಿಧಾನವಾಗಿ ಬೆಳೆಯುತ್ತದೆ. ಆಮೇಲೆ ತೆಂಡೆ (ಬುಡದಿಂದ ಏಳುವ ಹೊಸ ಕವಲು) ಒಡೆಯಲು ಶುರುವಾದರೆ ಅದನ್ನು ಹಿಡಿಯುವವರಿಲ್ಲ. ಹೀಗಾಗಿ ರಾಗಿಯಲ್ಲಿ ಬೆಳೆಯ ಪೈಪೋಟಿ ಎನ್ನುವುದು ಮೊದಲ ತಿಂಗಳಲ್ಲಿ ನಾವು ಬೆಳೆಯ ಪರವಾಗಿ ಮಾಡಬೇಕಾದ ಕೆಲಸ, ಮುಂದಿನ ಎರಡು-ಮೂರು ತಿಂಗಳಲ್ಲಿ ಬೆಳೆಯೇ ಮಾಡಿಕೊಳ್ಳುವ ಕೆಲಸ.

ಈಗ ನಿಮ್ಮ ನಾಲ್ಕು ಕೆಜಿಯ ಲೆಕ್ಕವನ್ನೇ ಮಾಡೋಣ. ಸಾವಿರ ಕಾಳಿಗೆ 2.8 ಗ್ರಾಂ ಎಂದು ಹಿಡಿದರೆ ನಾಲ್ಕು ಕೆಜಿಯಲ್ಲಿ ಸುಮಾರು 14 ಲಕ್ಷ ಕಾಳುಗಳಿರುತ್ತವೆ. ಒಂದು ಎಕರೆಗೆ 4,047 ಚದರ ಮೀಟರು, ಅಂದರೆ ಚದರ ಮೀಟರಿಗೆ 350 ಕಾಳು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇರಬೇಕೆಂಬ ಶಿಫಾರಸಿನ ಪ್ರಕಾರ ಕೊನೆಗೆ ನಿಲ್ಲಬೇಕಾದ ಗಿಡಗಳು ಚದರ ಮೀಟರಿಗೆ 33 ಮಾತ್ರ. ನೀವು ಈಗಾಗಲೇ ಬೇಕಾದದ್ದಕ್ಕಿಂತ ಹತ್ತು ಪಟ್ಟು ಬೀಜ ಹಾಕುತ್ತಿದ್ದೀರಿ! ಅರ್ಧಕ್ಕರ್ಧ ಹುಟ್ಟದೆ ಹೋದರೂ ಒಂದು ಮೀಟರು ಉದ್ದದ ಸಾಲಿನಲ್ಲಿ ಐವತ್ತಕ್ಕೂ ಹೆಚ್ಚು ಸಸಿಗಳು ಏಳುತ್ತವೆ, ಅಲ್ಲಿ ಇರಬೇಕಾದದ್ದು ಹತ್ತು. ಇದನ್ನು ಇಮ್ಮಡಿಸಿದರೆ ಆಗುವುದಿಷ್ಟು: ಸಾಲಿನೊಳಗೆ ರಾಗಿಗೆ ರಾಗಿಯೇ ಕಳೆಯಾಗುತ್ತದೆ, ಸಾಲುಗಳ ನಡುವಿನ ಬಯಲು ಮೊದಲಿನಂತೆಯೇ ಕಳೆಗೆ ತೆರೆದಿರುತ್ತದೆ. ಒತ್ತಾದ ಸಸಿಗಳು ಸಣಕಲಾಗಿ ಮೇಲಕ್ಕೆ ಎಳೆದುಕೊಂಡು ತೆಂಡೆ ಒಡೆಯುವುದಿಲ್ಲ. ಅಕ್ಟೋಬರ್ ಮಳೆಗೆ ಮಲಗಿಬಿಡುತ್ತವೆ, ಇಲ್ಲವೇ ಕೆಂಪು ಮಣ್ಣಿನ ಅಲ್ಪ ತೇವವನ್ನು ತೆನೆ ಕಟ್ಟುವ ಮೊದಲೇ ಹೀರಿಕೊಂಡು ಕಾಳು ಜಳ್ಳಾಗುತ್ತದೆ.

ಒಮ್ಮೆ ಬಿತ್ತಿದ ಹದಿನೈದನೆಯ ದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಮಂಡಿಯೂರಿ ಕುಳಿತು ಒಂದೇ ಸಾಲನ್ನು ಹತ್ತು ಮಾರು ದೂರ ನೋಡಿಕೊಂಡು ಬನ್ನಿ. ಒಂದು ಕಡೆ ಅಂಗೈ ಅಗಲದಲ್ಲಿ ಇಪ್ಪತ್ತು ಸಸಿಗಳು ಪೊರಕೆಯಂತೆ ಎದ್ದಿರುತ್ತವೆ. ಅದರ ಪಕ್ಕದಲ್ಲಿಯೇ ಒಂದೂವರೆ ಅಡಿ ಏನೂ ಇರುವುದಿಲ್ಲ. ಆ ಬರಿದು ಜಾಗದಲ್ಲಿ ಹಿತ್ತಗಣಿಯೋ ಕಾಡು ರಾಗಿಯೋ ಆಗಲೇ ನಾಲ್ಕು ಎಲೆ ಬಿಟ್ಟಿರುತ್ತದೆ. ಕಳೆ ಬೀಜ ಎಲ್ಲ ಕಡೆಯೂ ಇರುತ್ತದೆ. ಅದು ಗೆಲ್ಲುವುದು ಮಾತ್ರ ಈ ಸಂದುಗಳಲ್ಲಿ. ನಿಮ್ಮ ಕಳೆಯ ಖರ್ಚಿನ ದೊಡ್ಡ ಪಾಲು ಈ ಸಂದುಗಳಿಗೆ ಹೋಗುತ್ತಿದೆ ಎಂದು ನನ್ನ ಅಂದಾಜು.

ಸಂದು ಬೀಳದಂತೆ ಬಿತ್ತುವುದು ಹೇಗೆ? ಬೀಜವನ್ನು ಜರಡಿ ಹಿಡಿದ ಒಣ ಗೊಬ್ಬರದ ಪುಡಿಯೊಡನೆ ಬೆರೆಸಿದರೆ ಕೂರಿಗೆಯ (ಸಾಲಾಗಿ ಬಿತ್ತುವ ಸಲಕರಣೆಯ) ಬಟ್ಟಲಿನಿಂದ ಒಂದೇ ಸಮನೆ ಇಳಿಯುತ್ತದೆ. ಬಟ್ಟಲಿಗೆ ಬೀಜ ಬಿಡುವ ಕೈ ಹೊಸದಾಗಿದ್ದರೆ ಈ ಬೆರಕೆ ಇನ್ನೂ ಅಗತ್ಯ. ಬೀಜ ಎರಡು-ಮೂರು ಸೆಂ.ಮೀ.ಗಿಂತ ಆಳಕ್ಕೆ ಬೀಳಬಾರದು. ಟ್ರ್ಯಾಕ್ಟರಿನ ಕೂರಿಗೆಯಲ್ಲಿ, ಅದರಲ್ಲೂ ಈಗಷ್ಟೇ ಉತ್ತ ಸಡಿಲ ಮಣ್ಣಿನಲ್ಲಿ, ಇದು ತಪ್ಪುವುದೇ ಹೆಚ್ಚು. ಕೃಷಿ ವಿಶ್ವವಿದ್ಯಾಲಯದವರು ಬಹುಕಾಲದಿಂದ ಹೇಳುತ್ತಿರುವ ಬೀಜ ಕಠಿಣಗೊಳಿಸುವ ಕ್ರಮಕ್ಕೆ ಕಾಸಿನ ಖರ್ಚಿಲ್ಲ. ಒಂದು ಕೆಜಿ ಬೀಜಕ್ಕೆ ಒಂದು ಲೀಟರಿನಂತೆ ನೀರಿನಲ್ಲಿ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆಯ ಸುಳಿವು ಕಂಡೊಡನೆ ನೆರಳಿನಲ್ಲಿ ಎರಡು ದಿನ ಒಣಗಿಸಿ ಬಿತ್ತುವುದು. ಹೀಗೆ ಮಾಡಿದ ಬೀಜ ಬೇಗ ಮತ್ತು ಒಟ್ಟಿಗೆ ಹುಟ್ಟುತ್ತದೆ. ಕಳೆಗಿಂತ ಎರಡು ದಿನ ಮುಂಚೆ ಎದ್ದ ಸಸಿ ಏನು ಮಾಡಬಲ್ಲದೆಂದು ಮೇಲೆ ಹೇಳಿದ್ದೇನೆ. ಕೊನೆಯದು, ಎಲ್ಲರೂ ಬಿಟ್ಟುಬಿಡುವ ಕೆಲಸ: ಹದಿನೈದರಿಂದ ಇಪ್ಪತ್ತನೆಯ ದಿನದೊಳಗೆ, ಮಣ್ಣು ಹಸಿಯಾಗಿರುವಾಗ, ಒತ್ತಾದ ಪೈರನ್ನು ಕಿತ್ತು ಸಂದುಗಳಿಗೆ ನೆಡುವುದು. ನಾಲ್ಕು ಎಕರೆಗೂ ಇದು ಆಗದಿರಬಹುದು. ದೊಡ್ಡ ಸಂದುಗಳಿಗಾದರೂ ಮಾಡಿ. ಹಿಂದೆ ಚೆಲ್ಲಿ ಬಿತ್ತಿದ ರಾಗಿಗೆ ಹಲುಬೆ ಎಳೆಯುತ್ತಿದ್ದ ಹಿರಿಯರು ಒಂದೇ ಏಟಿಗೆ ಒತ್ತು ಬಿಡಿಸಿ ಎಳೆಗಳೆಯನ್ನೂ ಕೀಳುತ್ತಿದ್ದರು. ಆ ಸಲಕರಣೆ ನಿಮ್ಮ ಅಟ್ಟದ ಮೇಲಿದ್ದರೆ ಇಳಿಸಿ ನೋಡಿ.

ಸಾಲಿನ ಅಂತರದ ಪ್ರಶ್ನೆಗೆ ಬರುತ್ತೇನೆ. ಸಾಲು ಹತ್ತಿರವಾದರೆ ನೆಲ ಬೇಗ ಮುಚ್ಚುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ. ಆಸ್ಟ್ರೇಲಿಯಾದ ಗೋಧಿ ಬೆಳೆಗಾರ ಬಿತ್ತಿದ ಮೇಲೆ ಸಾಲಿನ ನಡುವೆ ಏನನ್ನೂ ಹಾಯಿಸುವುದಿಲ್ಲ, ಆದ್ದರಿಂದ ಸಾಲು ಕಿರಿದಾದರೆ ಅವನಿಗೆ ಈ ಲೆಕ್ಕದಲ್ಲಿ ನಷ್ಟವಿಲ್ಲ. ನಿಮಗೆ ಇದೆ. 15 ಸೆಂ.ಮೀ. ಸಾಲಿನಲ್ಲಿ ಎಡೆಕುಂಟೆ ಹಾಯುವುದಿಲ್ಲ. ಆಗ ರಾಗಿ ನೆಲ ಮುಚ್ಚುವ ತನಕದ ಮೂವತ್ತು-ಮೂವತ್ತೈದು ದಿನ ಕಳೆಯನ್ನು ತಡೆಯುವವರು ಯಾರೂ ಇರುವುದಿಲ್ಲ, ಕೊನೆಗೆ ಕೂಲಿಯೇ ಹೆಚ್ಚಾಗುತ್ತದೆ. ಜೊತೆಗೆ ಕಾಡು ರಾಗಿಯ ಸಸಿಯನ್ನು ನಾಡ ರಾಗಿಯಿಂದ ಎಳೆಯದರಲ್ಲಿ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಸಾಲಿನಲ್ಲಿರುವುದು ರಾಗಿ, ಸಾಲಿನ ಹೊರಗಿರುವುದು ಕಳೆ ಎಂಬ ಗುರುತೊಂದೇ ನಂಬಿಕೆಗೆ ಅರ್ಹ. ನಿಮ್ಮ ಕೂರಿಗೆಯ ತಾಳುಗಳ ಅಂತರವನ್ನು ಅಳೆದು ನೋಡಿ. 30 ಸೆಂ.ಮೀ. ಇದ್ದು, ನಿಮ್ಮ ಎತ್ತು ಮತ್ತು ಕುಂಟೆಗೆ 22.5 ಸೆಂ.ಮೀ.ಯಲ್ಲಿ ನಡೆಯಲು ಸಾಧ್ಯವಿದ್ದರೆ ಅಷ್ಟಕ್ಕೆ ಇಳಿಸಿ, ಬೀಜವನ್ನು ಮಾತ್ರ ನಾಲ್ಕು ಕೆಜಿಯಲ್ಲೇ ಇಡಿ. ಆಗ ಮೀಟರು ಸಾಲಿಗೆ ಬೀಳುವ ಕಾಳು ನೂರರ ಮೇಲಿಂದ ಎಂಬತ್ತರ ಹತ್ತಿರಕ್ಕೆ ಇಳಿದು ಒತ್ತು ತಾನಾಗಿ ಕಡಿಮೆಯಾಗುತ್ತದೆ. ಬೀಜ ಹೆಚ್ಚಿಸದೆ ಪೈಪೋಟಿ ಹೆಚ್ಚಿಸುವುದೆಂದರೆ ಇದು.

ಇದಕ್ಕೆ ಪೂರಾ ವಿರುದ್ಧವಾದ ದಾರಿಯೂ ನಮ್ಮಲ್ಲಿಯೇ ಇದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿಗೊಂದು ಗುಳಿ. ಗುಳಿಗೆ ಒಂದು ಹಿಡಿ ಗೊಬ್ಬರ, ಎರಡು ಸಸಿ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಇಷ್ಟು ವಿರಳವಾದ ಹೊಲ ಕಳೆಯಲ್ಲಿ ಮುಳುಗಬೇಕು. ಆದರೆ ಅಲ್ಲಿ ಎಡೆಕುಂಟೆ ಎರಡು ದಿಕ್ಕಿಗೂ ಹಾಯುತ್ತದೆ, ಸಸಿಗಳ ಮೇಲೆ ಕೊರಡು ಎಳೆದು ಅವು ಬಗ್ಗಿ ಹತ್ತಾರು ತೆಂಡೆ ಒಡೆಯುವಂತೆ ಮಾಡುತ್ತಾರೆ, ನಾಟಿ ಸಸಿಗೆ ಕಳೆಗಿಂತ ಮೂರು ವಾರದ ಹಿರಿತನವೂ ಇರುತ್ತದೆ. ಗಿಡ ಕಡಿಮೆಯಾದರೂ ಹಂಚಿಕೆ ಚೌಕಮಣೆಯಂತೆ ಸಮ. ಆಳಿನ ಕೊರತೆಯೇ ನಿಮ್ಮ ಕಷ್ಟವಾದ್ದರಿಂದ ನಾಲ್ಕು ಎಕರೆಗೆ ಇದನ್ನು ಮಾಡಿ ಎನ್ನಲಾರೆ. ಮನೆಯ ಹತ್ತಿರದ ಕಾಲು ಎಕರೆಯಲ್ಲಿ ಮಾಡಿ ನೋಡಬಹುದು.

ರಾಗಿಗೆ ಮುಂದೋಟ ಕೊಡಿಸುವ ವಿಷಯದಲ್ಲಿ ನಿಮ್ಮ ಸೀಮೆಯ ಮಳೆ ನಿಮಗೆ ಅನುಕೂಲವಾಗಿದೆ. ಮೇ ತಿಂಗಳ ಮಳೆಗೂ ಜುಲೈ ಬಿತ್ತನೆಗೂ ನಡುವೆ ಒಂದೂವರೆ-ಎರಡು ತಿಂಗಳ ಬಿಡುವಿದೆ. ಮೊದಲ ಮಳೆಗೆ ಹುಟ್ಟಿದ ಕಳೆಯನ್ನು ಎರಡು-ಮೂರು ಎಲೆಯಾಗಲು ಬಿಟ್ಟು ಬಿಸಿಲಿರುವ ದಿನ ಕುಂಟೆ ಹೊಡೆಯಿರಿ. ಮತ್ತೊಂದು ಮಳೆ ಬಿದ್ದು ಇನ್ನೊಂದು ಪೀಳಿಗೆ ಎದ್ದರೆ ಮತ್ತೆ ಹೊಡೆಯಿರಿ. ಕೊನೆಯ ಕುಂಟೆ ಮೇಲು ಮೇಲೆ ಎರಡು ಅಂಗುಲ ದಾಟಬಾರದು. ಆಳವಾಗಿ ಉತ್ತರೆ ಅಡಿಯಲ್ಲಿ ನಿದ್ರಿಸುತ್ತಿದ್ದ ಹೊಸ ಬೀಜವನ್ನು ನಾವೇ ಮೇಲಕ್ಕೆ ತಂದು ಬಿತ್ತಿದಂತಾಗುತ್ತದೆ. ಬಿತ್ತುವ ದಿನ ಹೊಲ ಹಸಿರಿಲ್ಲದೆ ಶುದ್ಧವಾಗಿರಬೇಕು. ಹಿಂದಿನ ದಿನ ಬೆಳಿಗ್ಗೆ ಎಳೆಗಳೆ ಕಂಡೂ ಹದ ತಪ್ಪುತ್ತದೆಂದು ಹಾಗೆಯೇ ಬಿತ್ತಿದ ಹೊಲಗಳಲ್ಲಿ ರಾಗಿ ಮೊದಲ ದಿನದಿಂದಲೇ ಹಿಂದೆ ಬಿದ್ದಿರುತ್ತದೆ. ಆಮೇಲೆ ಏನು ಮಾಡಿದರೂ ಅದು ಮುಂದೆ ಬರುವುದು ಅಪರೂಪ.

ಗೊಬ್ಬರದ ವಿಷಯದಲ್ಲಿ ಒಂದು ತಪ್ಪು ಬಹಳ ಸಾಮಾನ್ಯ. ಖುಷ್ಕಿ ರಾಗಿಗೆ ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ, 15 ಕೆಜಿ ಪೊಟ್ಯಾಷ್ ಎಂಬುದು ವಾಡಿಕೆಯ ಶಿಫಾರಸು. ಇದನ್ನು ಹೊಲದ ತುಂಬ ಎರಚಿದರೆ ಸಾಲಿನ ನಡುವಿನ ಕಳೆಗೆ ಊಟ ಬಡಿಸಿದಂತೆ. ಬೀಜ-ಗೊಬ್ಬರ ಕೂರಿಗೆಯಿಂದ ಸಾಲಿನಲ್ಲಿಯೇ, ಬೀಜಕ್ಕಿಂತ ಒಂದೆರಡು ಅಂಗುಲ ಆಳಕ್ಕೆ ಅಥವಾ ಪಕ್ಕಕ್ಕೆ, ಬೀಜಕ್ಕೆ ತಾಗದಂತೆ ಹಾಕಬೇಕು. ಸಾರಜನಕದ ಅರ್ಧವನ್ನು ಮಾತ್ರ ಆಗ ಕೊಟ್ಟು, ಉಳಿದರ್ಧವನ್ನು ನಾಲ್ಕನೆಯ ವಾರದ ಎಡೆ ಮುಗಿದು ಕಳೆ ಸತ್ತ ಮೇಲೆ ಸಾಲಿನ ಬದಿಗೆ ಕೊಡಿ. ಎಡೆಗೆ ಮೊದಲೇ ಯೂರಿಯಾ ಎರಚಿ, ಕಳೆ ಸೊಂಪಾಗಿ ಬಂದಿದೆ ಎಂದು ದೂರುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಲಿ, ಅರೆಗಳಿತ ತಿಪ್ಪೆಯೊಳಗೆ ದನ ತಿಂದ ಹುಲ್ಲಿನ ಬೀಜ ಜೀವಂತವಾಗಿರುತ್ತದೆ.

ಪೂರ್ವ-ಪಶ್ಚಿಮದ ಮಾತು ಪಶ್ಚಿಮ ಆಸ್ಟ್ರೇಲಿಯಾದ ಪ್ರಯೋಗಗಳಿಂದ ಬಂದದ್ದು. ಅಲ್ಲಿ ಉತ್ತರ-ದಕ್ಷಿಣ ಸಾಲಿಗಿಂತ ಪೂರ್ವ-ಪಶ್ಚಿಮ ಸಾಲಿನ ಗೋಧಿಯಲ್ಲಿ ಕಳೆಯ ತೂಕ ಅರ್ಧದಷ್ಟು, ಬಾರ್ಲಿಯಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಇಳಿದದ್ದು ನಿಜ. ಆದರೆ ಅದು ಚಳಿಗಾಲದ ಬೆಳೆ, ಸ್ಥಳ ಭೂಮಧ್ಯರೇಖೆಯಿಂದ ಮೂವತ್ತು ಡಿಗ್ರಿಗೂ ಆಚೆ. ಅಲ್ಲಿಗೆ ಚಳಿಗಾಲವಾದ ಜೂನ್ ತಿಂಗಳ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಸುಮಾರು 35 ಡಿಗ್ರಿ ಎತ್ತರದಲ್ಲಿಯೇ ಇದ್ದು, ಓರೆಯಾಗಿ ಬಂದ ಬಿಸಿಲನ್ನು ಸಾಲಿನ ಗೋಡೆ ತಡೆಯುತ್ತದೆ. ಅರಸೀಕೆರೆ ಇರುವುದು 13 ಡಿಗ್ರಿಯಲ್ಲಿ. ಆಗಸ್ಟ್ ಮಧ್ಯದಲ್ಲಿ, ಅಂದರೆ ನಿಮ್ಮ ರಾಗಿ ಎಳೆಯದಾಗಿರುವಾಗ, ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸಾಲು ಯಾವ ದಿಕ್ಕಿಗಿದ್ದರೂ ನಡುವಿನ ನೆಲಕ್ಕೆ ಆ ಹೊತ್ತು ಬಿಸಿಲು ಬೀಳುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಮಣ್ಣು ಮತ್ತು ನೀರು ಉಳಿಯುವುದು ನಿಮಗೆ ದೊಡ್ಡ ಲಾಭ.

ಅಕ್ಕಡಿ ತೊಗರಿಯ ಬಗ್ಗೆ ಒಂದು ಎಚ್ಚರಿಕೆ. ತೊಗರಿ ಮೊದಲ ಒಂದೂವರೆ-ಎರಡು ತಿಂಗಳು ರಾಗಿಗಿಂತಲೂ ನಿಧಾನ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದ ಹೊಲದಲ್ಲಿ ಕಳೆಯ ಪಟ್ಟಿ ಎಲ್ಲಿ ಎಂದು ಹುಡುಕಬೇಕಿಲ್ಲ, ಆ ಎರಡು ಸಾಲಿನ ನಡುವೆಯೇ ಇರುತ್ತದೆ. ತೊಗರಿಯನ್ನು ಬಿಡಿ ಎನ್ನುತ್ತಿಲ್ಲ, ರಾಗಿ ಕೊಯ್ದ ಮೇಲೆ ಅದು ಕೊಡುವ ಆದಾಯವನ್ನು ಬಿಡಬಾರದು. ಕೈಯಿಂದ ಕಳೆ ಕೀಳಲು ನಿಮಗೆ ಸಿಗುವ ಇಬ್ಬರು ಆಳುಗಳನ್ನು ಹೊಲವೆಲ್ಲ ಸುತ್ತಿಸುವ ಬದಲು ಈ ಪಟ್ಟಿಗಳಿಗೂ ದೊಡ್ಡ ಸಂದುಗಳಿಗೂ ಮಾತ್ರ ಇಳಿಸಿ. ತಳಿಯ ವಿಷಯ ಚಿಕ್ಕದು: ಜುಲೈ ಬಿತ್ತನೆಗೆ ಎಂಆರ್-6, ಜಿಪಿಯು-28ರಂಥ, ತೆಂಡೆ ಒಡೆಯಲು ಕಾಲಾವಕಾಶವಿರುವ ತಳಿಗಳು ಸರಿ. ಮಳೆ ತಡವಾಗಿ ಅಲ್ಪಾವಧಿ ತಳಿ ಹಾಕಬೇಕಾದಾಗ ಸಾಲನ್ನು ಕಿರಿದು ಮಾಡುವುದಕ್ಕೆ ಬೆಲೆ ಹೆಚ್ಚು, ಏಕೆಂದರೆ ಅದಕ್ಕೆ ಹರಡಿಕೊಳ್ಳುವಷ್ಟು ದಿನಗಳಿರುವುದಿಲ್ಲ.

ಬೆಳೆಯ ನೆರಳಿಗೆ ಬಗ್ಗದ ಕಳೆಗಳೂ ಇವೆ. ಜೇಕು ಗಡ್ಡೆಯಿಂದ, ಗರಿಕೆ ಗೆಣ್ಣಿನಿಂದ ಚಿಗುರುತ್ತವೆ. ಅವುಗಳಿಗೆ ಬೇಕಾದ ಬುತ್ತಿ ನೆಲದೊಳಗೇ ಇರುವುದರಿಂದ ರಾಗಿ ನೆಲ ಮುಚ್ಚುವ ಮೊದಲೇ ಎದ್ದು ನಿಲ್ಲುತ್ತವೆ. ಇವಕ್ಕೆ ಬೇಸಿಗೆಯ ಒಣ ಉಳುಮೆ, ಬಿಸಿಲಿಗೆ ಗಡ್ಡೆ ಒಣಗಿಸುವುದು, ಗರಿಕೆಯ ಬಳ್ಳಿ ಆಯ್ದು ಹೊರಹಾಕುವುದು ಬಿಟ್ಟರೆ ಬೇರೆ ಹತ್ತಿರದ ದಾರಿಯಿಲ್ಲ. ಹಸಿ ನೆಲದಲ್ಲಿ ಉತ್ತರೆ ಅವು ಇನ್ನೂ ಹೆಚ್ಚುತ್ತವೆ. ಹಿತ್ತಗಣಿ ನೆರಳನ್ನು ಬೇರೆ ಕಳೆಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಎಡೆಯಲ್ಲಿ ತುಂಡಾದ ಅದರ ಕಾಂಡ ಮತ್ತೆ ಬೇರು ಬಿಡುವುದರಿಂದ ಮೋಡವಿರುವ ದಿನ ಎಡೆ ಹೊಡೆದರೆ ಫಲವಿಲ್ಲ. ಉಳಿದಂತೆ ಅನ್ನೆ ಸೊಪ್ಪು, ಕೀರೆ, ಕಾಡು ರಾಗಿ, ಪಾರ್ಥೇನಿಯಂ ಇವೆಲ್ಲ ಬಿಸಿಲು ಬೇಡುವ ಗಿಡಗಳು. ಇಪ್ಪತ್ತನೆಯ ದಿನದಿಂದ ಹತ್ತು-ಹನ್ನೆರಡು ದಿನದ ಅಂತರದಲ್ಲಿ ಎರಡು ಎಡೆ ಸಿಕ್ಕಿ, ನಲವತ್ತನೆಯ ದಿನದ ಹೊತ್ತಿಗೆ ರಾಗಿ ನೆಲ ಮುಚ್ಚಿದರೆ, ಆಮೇಲೆ ಹುಟ್ಟಿದವು ಸೊರಗಿ ಅಲ್ಲಿಯೇ ನಿಲ್ಲುತ್ತವೆ. ನೀವು ಬಿಡಬಹುದಾದದ್ದು ಈ ಕೊನೆಯ ಕೈಗಳೆಯನ್ನು. ಮೊದಲ ಎರಡು ಎಡೆಗಳನ್ನಲ್ಲ.

ಇಡೀ ಹೊಲದಲ್ಲಿ ಒಮ್ಮೆಗೇ ಬದಲಾವಣೆ ಮಾಡದೆ, ಈ ವರ್ಷ ಅರ್ಧ ಎಕರೆಯಲ್ಲಿ 22.5 ಸೆಂ.ಮೀ. ಸಾಲು, ಅದೇ ನಾಲ್ಕು ಕೆಜಿ ದರ, ಕಠಿಣಗೊಳಿಸಿದ ಬೀಜ, ಸಾಲಿನಲ್ಲಿ ಗೊಬ್ಬರ ಇಷ್ಟನ್ನು ಮಾಡಿ, ಪಕ್ಕದಲ್ಲಿ ನಿಮ್ಮ ಹಳೆಯ ಪದ್ಧತಿಯನ್ನು ಇಟ್ಟುಕೊಳ್ಳಿ. ಬಿದಿರಿನ ನಾಲ್ಕು ಕಡ್ಡಿಗಳಿಂದ ಒಂದು ಮೀಟರು ಚೌಕ ಕಟ್ಟಿ, ಮೂವತ್ತೈದನೆಯ ದಿನ ಎರಡೂ ಕಡೆ ಐದೈದು ಜಾಗದಲ್ಲಿ ಕಣ್ಣು ಮುಚ್ಚಿ ಎಸೆಯಿರಿ. ಚೌಕದೊಳಗಿನ ಕಳೆಯನ್ನೆಲ್ಲ ಕಿತ್ತು, ಮಣ್ಣು ಕೊಡವಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ನಡುಹಗಲಿಗೆ ಸಾಲಿನ ನಡುವೆ ಎಷ್ಟು ಬಿಸಿಲು ನೆಲಕ್ಕೆ ಬೀಳುತ್ತಿದೆ ಎಂಬುದನ್ನೂ ಅದೇ ಚೌಕದಲ್ಲಿ ನೋಡಿಕೊಳ್ಳಿ. ಕೊಯ್ಲಿನಲ್ಲಿ ಎರಡೂ ತಾಕುಗಳ ಕಾಳನ್ನು ಬೇರೆಬೇರೆಯಾಗಿ ಒಕ್ಕಿ ತೂಗಿದ ಮೇಲೆ ಆ ಅಂಕಿಗಳನ್ನು ಬರೆದು ಕಳುಹಿಸಿದರೆ, ಮುಂದಿನ ಮುಂಗಾರಿಗೆ ಉಳಿದ ಮೂರೂವರೆ ಎಕರೆಯಲ್ಲಿ ಏನು ಮಾಡಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.